ಮಕ್ಕಳ ಪೈಪೋಟಿ ಮತ್ತು ಕುಸ್ತಿಯ ಜೋಡಿ

ಐದನೆಯ ತರಗತಿಯಲ್ಲಿ ಓದುವ ತಮ್ಮನೋ ತಂಗಿಯೋ ನಿಮ್ಮಲ್ಲಿ ಅನೇಕರ ಮನೆಯಲ್ಲಿರಬಹುದು. ನವೋದಯ, ಸೈನಿಕ ಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಇವುಗಳ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಗಳುಂಟು. ಆದುದರಿಂದ ಹತ್ತು ವರ್ಷದ ಆಸುಪಾಸಿನಲ್ಲಿಯೇ ಮಗುವು ಸ್ಪರ್ಧೆಯ ಕಣಕ್ಕೆ ಇಳಿಯಬೇಕಾಗಿದೆ. “ಪಕ್ಕದ ಮನೆಯವನಿಗೆ ತೊಂಬತ್ತು ಬಂದಿವೆ, ನಿನಗೇಕೆ ಎಪ್ಪತ್ತು?” ಎಂದು ಕೇಳಿದರೆ ಮಗುವಿಗೆ ಹುರುಪು ಬರುವುದೆಂದು ಹಿರಿಯರ ನಂಬಿಕೆ. ಈ ನಂಬಿಕೆಯನ್ನು ಪ್ರಯೋಗಕ್ಕೆ ಒಡ್ಡಿ ನೋಡಬಹುದೆ?

ಒಡ್ಡಿ ನೋಡಿದವರುಂಟು. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬವರು ಸೈಕಲ್ ಪಂದ್ಯಗಳ ದಾಖಲೆಗಳನ್ನು ಪರಿಶೀಲಿಸಿ, ಒಂಟಿ ಸವಾರನಿಗಿಂತ ಜೊತೆಗಾರರುಳ್ಳವನು ಬೇಗನೆ ಗುರಿ ಮುಟ್ಟುವುದನ್ನು ಕಂಡರು. ಮುಂದಿನವನ ಮರೆಯಲ್ಲಿ ಗಾಳಿಯ ತಡೆ ಕಡಿಮೆಯಾಗುವುದೂ ಇದಕ್ಕೆ ಕಾರಣವಾಗಬಹುದಷ್ಟೆ. (ಭೌತವಿಜ್ಞಾನ ಕಲಿಸುವವನಿಗೆ ಮೊದಲು ಹೊಳೆಯುವುದು ಇದೇ!) ಗಾಳಿಯ ಪ್ರಶ್ನೆಯೇ ಏಳದ ಒಂದು ಪ್ರಯೋಗವನ್ನು ಅವರು ಹೂಡಿದರು; 1898ರಲ್ಲಿ ಅದರ ವರದಿ ಪ್ರಕಟವಾಯಿತು. ಗಾಳದ ದಾರ ಸುತ್ತುವ ಎರಡು ರಾಟೆಗಳನ್ನು ಒಂದು ಮೇಜಿಗೆ ಜೋಡಿಸಿ, 40 ಮಕ್ಕಳಿಂದ ಒಮ್ಮೆ ಒಬ್ಬೊಬ್ಬರಾಗಿ, ಇನ್ನೊಮ್ಮೆ ಪೈಪೋಟಿಯಲ್ಲಿ ತಿರುಗಿಸಿದರು. ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಕಂಡಿಕೆ ಸುತ್ತುವುದನ್ನು ಕಂಡವರಿಗೆ ಈ ಉಪಕರಣವು ಅಪರಿಚಿತವೆನಿಸದು.

ಪೈಪೋಟಿಯಲ್ಲಿ 20 ಮಕ್ಕಳ ವೇಗ ಹೆಚ್ಚಿತು. 10 ಮಂದಿಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಉಳಿದ 10 ಮಂದಿಯದು ಕಡಿಮೆಯೇ ಆಯಿತು! ಗೆಲ್ಲುವ ಆತುರದಲ್ಲಿ ಅವರ ಮುಖ ಕೆಂಪೇರಿ, ಸ್ನಾಯುಗಳು ಬಿಗಿದು, ಕೈ ಹಿಡಿತ ತಪ್ಪಿತ್ತು. ಈ ಅಂಕಿಗಳನ್ನು 2005ರಲ್ಲಿ ಈಗಿನ ಸಂಖ್ಯಾಶಾಸ್ತ್ರದ ವಿಧಾನಗಳಿಂದ ಮರಳಿ ತೂಗಿದಾಗ, ಒಟ್ಟಾರೆ ಲಾಭವು ತೀರ ಅಲ್ಪವೆಂದು ಕಂಡುಬಂದಿತು. ಹುರುಪಿನ ನಂಬಿಕೆಗೆ ಇದು ಬಲವಾದ ಆಧಾರವೇನೂ ಅಲ್ಲ.

ಹಾಗಾದರೆ ಒಬ್ಬನಿಗೆ ಅನುಕೂಲವಾದುದು ಇನ್ನೊಬ್ಬನಿಗೆ ಪ್ರತಿಕೂಲವೇಕೆ? 1965ರಲ್ಲಿ ರಾಬರ್ಟ್ ಝಯಾಂಕ್ ಎಂಬ ಮನೋವಿಜ್ಞಾನಿ ಒಂದು ಉತ್ತರವನ್ನು ಸೂಚಿಸಿದರು. ಇತರರ ಸಾನ್ನಿಧ್ಯವು ದೇಹವನ್ನೂ ಮನಸ್ಸನ್ನೂ ಉದ್ರೇಕಿಸುತ್ತದೆ. ಆ ಉದ್ರೇಕದಲ್ಲಿ ಚೆನ್ನಾಗಿ ರೂಢಿಯಾದ ಕೆಲಸವು ಸಲೀಸಾಗುತ್ತದೆ. ಇನ್ನೂ ಕಲಿಯುತ್ತಿರುವ ಕೆಲಸವು ಕೆಡುತ್ತದೆ. 1969ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಜಿರಲೆಗಳ ಮೇಲೆಯೂ ಇದನ್ನು ಪರೀಕ್ಷಿಸಿದರು! ಬೇರೆ ಜಿರಲೆಗಳು ನೋಡುತ್ತಿರುವಾಗ ನೇರವಾದ ದಾರಿಯಲ್ಲಿ ಜಿರಲೆಯು ಬೇಗ ಓಡಿತು. ತಿರುವುಗಳುಳ್ಳ ಜಟಿಲ ದಾರಿಯಲ್ಲಿ ತಡವರಿಸಿತು. ಮಕ್ಕಳನ್ನು ಜಿರಲೆಗೆ ಹೋಲಿಸಿದನೆಂದು ಸಿಟ್ಟಾಗಬೇಡಿರಿ. ಭಾಗಾಕಾರವನ್ನು ನಿನ್ನೆ ತಾನೆ ಕಲಿತ ಮಗುವಿಗೆ ಆ ಲೆಕ್ಕವೂ ಅಂಥದೇ ಜಟಿಲ ದಾರಿಯಾಗಿರುತ್ತದೆ.

ನಮ್ಮ ಸೀಮೆಯ ಗರಡಿಮನೆಗಳು ಈ ವಿಷಯದಲ್ಲಿ ಶಾಲೆಗಿಂತ ಜಾಣತನ ತೋರುತ್ತವೆಂದು ನನ್ನ ಎಣಿಕೆ. ಜಮಖಂಡಿ, ಮುಧೋಳ, ಬೀಳಗಿಗಳ ಕಡೆಯ ಜಾತ್ರೆಗಳಲ್ಲಿ ಕುಸ್ತಿಯನ್ನು ನೋಡಿದವರಿಗೆ ‘ಜೋಡಿ’ ಎಂಬ ಮಾತು ತಿಳಿದೇ ಇದೆ. ಮೈಕಟ್ಟು, ತೂಕ, ಪಳಗಿಕೆಗಳನ್ನು ನೋಡಿ ಸಮಜೋಡಿಯನ್ನು ಹಚ್ಚುತ್ತಾರೆ. ಅದಕ್ಕೂ ಮೊದಲು ಹುಡುಗನು ಗರಡಿಯ ಕೆಮ್ಮಣ್ಣಿನಲ್ಲಿ ವಸ್ತಾದನ ಕಣ್ಣೆದುರು ಪಟ್ಟುಗಳನ್ನು ಮೈಗೂಡಿಸಿಕೊಂಡಿರಬೇಕು. ಜಗ್ಗಿ ನಿಲ್ಲಲು ಬಾರದ ಹುಡುಗನನ್ನು ಪಳಗಿದ ಪೈಲವಾನನ ಮುಂದೆ ನಿಲ್ಲಿಸಿ, “ಅವನನ್ನು ನೋಡಿ ಕಲಿ” ಎಂದು ಯಾವ ವಸ್ತಾದನೂ ಹೇಳಲಾರನು.

ನಿಮ್ಮ ತಮ್ಮನಿಗೂ ತಂಗಿಗೂ ನೀವೇ ವಸ್ತಾದರಾಗಬಹುದು. ಹೊಸ ಲೆಕ್ಕವನ್ನು ಕಲಿಸುವಾಗ ಗಡಿಯಾರವನ್ನು ಒಳಗಿಡಿರಿ. ತಪ್ಪಿಲ್ಲದೆ ಮಾಡುವಷ್ಟು ಕೈ ಪಳಗಿದ ಬಳಿಕ ಹೊರತೆಗೆಯಿರಿ. ಮೊದಲ ಜೋಡಿಯು ಅದೇ ಮಗುವಿನ ಹಿಂದಿನ ವಾರದ ವೇಳೆಯಾಗಲಿ. ಅನಂತರ ಸಮಬಲದ ಗೆಳೆಯನೊಬ್ಬನನ್ನು ಕರೆಯಬಹುದು.

ಹೊಗಳುವುದರಲ್ಲಿಯೂ ಎಚ್ಚರ ಬೇಕು. ಕ್ಲಾಡಿಯಾ ಮ್ಯೂಲರ್ ಹಾಗೂ ಕ್ಯಾರಲ್ ಡ್ವೆಕ್ ಅವರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, “ನೀನು ಬುದ್ಧಿವಂತ” ಎಂದು ಹೊಗಳಿಸಿಕೊಂಡ ಐದನೆಯ ತರಗತಿಯ ಮಕ್ಕಳು ಒಮ್ಮೆ ಸೋತ ಮೇಲೆ ಎದೆಗುಂದಿದರು. ಶ್ರಮಕ್ಕಾಗಿ ಹೊಗಳಿಕೆ ಪಡೆದವರು ಅಂಥ ಸಮಸ್ಯೆಗಳಲ್ಲಿ ಮುಂದುವರಿಯುವ ಆಸೆಯನ್ನು ಹೆಚ್ಚು ತೋರಿದರು. ಮಗುವು ಸೋತು ಬಂದ ಸಂಜೆ ಎಷ್ಟನೆಯ ಸ್ಥಾನವೆಂದು ಕೇಳುವ ಬದಲು, ಯಾವ ಲೆಕ್ಕದಲ್ಲಿ ಕೈ ತಡೆಯಿತೆಂದು ಕೇಳಿ, ಆ ಒಂದು ಲೆಕ್ಕವನ್ನು ಜೊತೆಯಲ್ಲಿ ಕುಳಿತು ಮತ್ತೆ ಮಾಡಿರಿ.