ಕನಿಷ್ಠ ಕೂಲಿ: ಕಾಯಿದೆಯಲ್ಲಿಯೂ ಬಟವಾಡೆಯಲ್ಲಿಯೂ

ಅರ್ಥಶಾಸ್ತ್ರದ ನಮ್ಮ ಪಠ್ಯದಲ್ಲಿ ಕೂಲಿಯನ್ನು ಕುರಿತು ಒಂದು ಅಧ್ಯಾಯವಿದೆ. ಬೇಡಿಕೆ ಪೂರೈಕೆಗಳು ಕೂಡುವ ಬಿಂದುವಿನಲ್ಲಿ ಕೂಲಿಯ ದರ ನಿಲ್ಲುವುದೆಂದು ಅದು ಹೇಳುತ್ತದೆ. ಆ ರೇಖಾಚಿತ್ರವನ್ನು ಪರೀಕ್ಷೆಯಲ್ಲಿ ನಾನೂ ಬರೆದಿದ್ದೇನೆ, ಅಂಕಗಳನ್ನೂ ಪಡೆದಿದ್ದೇನೆ. ಆದರೆ ಕೂಲಿಯ ಪರಿಚಯ ನನಗೆ ಅದಕ್ಕೂ ಹಿಂದಿನದು.

ಎರಡು ವರ್ಷಗಳ ಹಿಂದೆ ಬೇಸಿಗೆಯ ರಜೆಯಲ್ಲಿ ಅಪ್ಪನೊಡನೆ ನಾನೂ ದೊಡ್ಡ ಊರೊಂದಕ್ಕೆ ಗುಳೆ ಹೋಗಿದ್ದೆ. ಯಾವ ಊರು, ಯಾರ ಕಟ್ಟಡ ಎಂಬುದು ಇಲ್ಲಿ ಬೇಡ. ಬಟವಾಡೆಯ ದಿನ ಮೇಸ್ತ್ರಿ ಒಂದು ಪುಸ್ತಕ ತಂದ. ಅಪ್ಪ ಹೆಬ್ಬೆಟ್ಟು ಒತ್ತಿದರು. ನಾನು ಸಹಿ ಮಾಡುವ ಮೊದಲು ಓದಿ ನೋಡಿದೆ. ಪುಸ್ತಕದಲ್ಲಿದ್ದ ದಿನಗೂಲಿ ಒಂದು, ಕೈಗೆ ಬಂದದ್ದು ಇನ್ನೊಂದು. ನಡುವೆ ದಿನವೊಂದಕ್ಕೆ ನೂರಮೂವತ್ತು ರೂಪಾಯಿಗಳ ಅಂತರ. ಹೀಗೇಕೆಂದು ಕೇಳಿದೆ. "ಸುಮ್ನಿರಪಾ, ಮುಂದಿನ ವರ್ಷ ಮತ್ತ ಇವರ ಹತ್ರಾನ ಬರಬೇಕು" ಎಂದು ಅಪ್ಪ ಮೆಲ್ಲಗೆ ಹೇಳಿದರು. ನಾನು ಸಹಿ ಮಾಡಿದೆ. ನಮ್ಮ ಮನೆತನದಲ್ಲಿ ಸಹಿ ಹಾಕಲು ಕಲಿತವರಲ್ಲಿ ನಾನೇ ಮೊದಲನೆಯವನು. ಆ ಸಹಿ ಸುಳ್ಳು ಲೆಕ್ಕವೊಂದರ ಕೆಳಗೆ ಬಿದ್ದಿತು. ಆ ದಿನ ನನಗೆ ತಿಳಿಯದಿದ್ದ ಸಂಗತಿಗಳನ್ನು ಆಮೇಲೆ ಗ್ರಂಥಾಲಯದಲ್ಲಿ ಓದಿ, ಗುರುಗಳನ್ನು ಕೇಳಿ ತಿಳಿದುಕೊಂಡೆ. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದುಡಿಮೆಗೆ ಇಷ್ಟಕ್ಕಿಂತ ಕಡಿಮೆ ಕೊಡಕೂಡದೆಂದು ಸರಕಾರವೇ ಗೆರೆ ಎಳೆಯುವ ಪದ್ಧತಿ ಬಹಳ ಹಳೆಯದೇನಲ್ಲ. ನ್ಯೂಜಿಲೆಂಡಿನಲ್ಲಿ 1894ರಲ್ಲಿ, ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ 1896ರಲ್ಲಿ, ಇಂಗ್ಲೆಂಡಿನಲ್ಲಿ 1909ರಲ್ಲಿ ಇದಕ್ಕೆ ಶಾಸನಗಳಾದವು. ನಮ್ಮಲ್ಲಿ ಡಾ. ಅಂಬೇಡ್ಕರ್ ಅವರು ವೈಸರಾಯರ ಮಂಡಲಿಯ ಕಾರ್ಮಿಕ ಸದಸ್ಯರಾಗಿದ್ದಾಗ 1946ರ ಏಪ್ರಿಲಿನಲ್ಲಿ ಮಸೂದೆಯನ್ನು ಮಂಡಿಸಿದರು. ಸ್ವಾತಂತ್ರ್ಯಾನಂತರ, ಜಗಜೀವನರಾಂ ಅವರು ಕಾರ್ಮಿಕ ಸಚಿವರಾಗಿದ್ದಾಗ, 1948ರ ಮಾರ್ಚಿಯಲ್ಲಿ ಅದು ಕನಿಷ್ಠ ವೇತನ ಕಾಯಿದೆಯಾಯಿತು. ಆ ಹೊತ್ತಿಗೆ ನಮ್ಮ ಲಿಂಗಸುಗೂರು ಇನ್ನೂ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ಭಾರತದಲ್ಲಿ ಕೂಲಿಯವನಿಗೆ ಕಾಯಿದೆ ಬಂದ ಆರು ತಿಂಗಳಿಗೆ ನಮಗೆ ಭಾರತವೇ ಬಂದಿತೆನ್ನಬಹುದು.

ಆ ಕಾಯಿದೆಗೆ ಒಂದು ಕೊರತೆಯಿತ್ತು. ಅನುಸೂಚಿಯಲ್ಲಿ ಹೆಸರಿದ್ದ ಉದ್ಯೋಗಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಒಕ್ಕಲುತನ ಅದರಲ್ಲಿ ಮೊದಲಿನಿಂದಲೂ ಇದ್ದಿತು. ಮನೆಗೆಲಸದವರಿಗೆ ಕರ್ನಾಟಕದಲ್ಲಿ ದರ ಗೊತ್ತಾಗಲು 2004ರವರೆಗೆ ಕಾಯಬೇಕಾಯಿತು. 2019ರಲ್ಲಿ ಸಂಸತ್ತು ವೇತನ ಸಂಹಿತೆಯನ್ನು ಅಂಗೀಕರಿಸಿತು. 2025ರ ನವೆಂಬರ್ 21ರಂದು ಅದು ಜಾರಿಗೆ ಬಂದು, 1948ರ ಕಾಯಿದೆಯೂ, 1936ರ ವೇತನ ಪಾವತಿ ಕಾಯಿದೆಯೂ, 1976ರ ಸಮಾನ ಸಂಭಾವನೆ ಕಾಯಿದೆಯೂ ಅದರೊಳಗೆ ಸೇರಿಹೋದವು. ಈಗ ಅನುಸೂಚಿಯ ಮಾತಿಲ್ಲ. ಎಲ್ಲ ಉದ್ಯೋಗಗಳಿಗೂ ಕನಿಷ್ಠ ವೇತನವುಂಟು. ಹಳೆಯ ಅಧಿಸೂಚನೆಗಳು, ಸಂಹಿತೆಗೆ ವಿರೋಧವಿಲ್ಲದ ಮಟ್ಟಿಗೆ, ಮುಂದುವರಿಯುತ್ತವೆ.

ಕನಿಷ್ಠವೆಂದರೆ ಎಷ್ಟು? ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಪ್ರಶ್ನೆ ಇದು. 1957ರಲ್ಲಿ ಸೇರಿದ್ದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಇದಕ್ಕೊಂದು ಅಳತೆಯನ್ನು ಒಪ್ಪಿತು. ದುಡಿಯುವವನೊಬ್ಬನ ಸಂಸಾರವನ್ನು ಮೂರು ಘಟಕಗಳೆಂದು ಎಣಿಸಬೇಕು. ಡಾ. ಐಕ್ರಾಯ್ಡ್ ಎಂಬ ಆಹಾರ ತಜ್ಞರ ಲೆಕ್ಕದಂತೆ ಘಟಕವೊಂದಕ್ಕೆ ದಿನಕ್ಕೆ 2700 ಕ್ಯಾಲೊರಿ ಆಹಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಇವಲ್ಲದೆ ಉರುವಲು, ದೀಪ ಮುಂತಾದ ವೆಚ್ಚಗಳಿಗೆ ಒಟ್ಟು ಕೂಲಿಯ ನೂರಕ್ಕೆ 20. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ, ಮಕ್ಕಳ ಓದು, ಔಷಧ, ಮದುವೆ ಮುಪ್ಪುಗಳಿಗೆಂದು ನೂರಕ್ಕೆ 25ರಷ್ಟನ್ನು ಇದಕ್ಕೆ ಸೇರಿಸಿತು.

ಈ ಲೆಕ್ಕವನ್ನು ನಮ್ಮ ಕಡೆಯ ಅಡಿಗೆ ಮನೆಗೆ ತಂದು ನೋಡೋಣ. ಮೂರು ಘಟಕಕ್ಕೆ ದಿನಕ್ಕೆ 8100 ಕ್ಯಾಲೊರಿ. ನೂರು ಗ್ರಾಂ ಜೋಳದಲ್ಲಿ ಸುಮಾರು 350 ಕ್ಯಾಲೊರಿಗಳಿರುವುದರಿಂದ, ಬರಿಯ ರೊಟ್ಟಿಯಿಂದಲೇ ಅದನ್ನು ತುಂಬಬೇಕಾದರೆ ದಿನಕ್ಕೆ ಎರಡು ಕಿಲೊ ಮುನ್ನೂರು ಗ್ರಾಂ ಜೋಳ ಬೇಕು. ಬರಿಯ ರೊಟ್ಟಿಯನ್ನೇ ಯಾರೂ ತಿನ್ನುವುದಿಲ್ಲ. ಬೇಳೆ, ಕಾಯಿಪಲ್ಲೆ, ಎಣ್ಣೆ, ಹಾಲು ಸೇರಿದಾಗ ಖರ್ಚು ಎಲ್ಲಿಗೆ ಏರುವುದೆಂದು ಸಂತೆ ಮಾಡುವವರೆಲ್ಲ ಬಲ್ಲರು. ಇನ್ನೊಂದು ಮಾತು. ಮೂರು ಘಟಕ ಆಗುವುದು ಹೇಗೆಂದರೆ, ಗಂಡಸಿಗೆ 1, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ 0.6ರಂತೆ ಹಿಡಿಯುವುದು ರೂಢಿ. ಸಿಂಧನೂರಿನ ಕಾಲುವೆಯ ಗದ್ದೆಗಳಲ್ಲಿ ಬೆಳಗಿನಿಂದ ಬಗ್ಗಿ ಭತ್ತದ ಸಸಿ ಹಚ್ಚುವ ನಮ್ಮ ಅವ್ವನನ್ನು ಈ 0.8 ಎಂಬ ಅಂಕಿಯಲ್ಲಿ ಹಿಡಿಸಲು ನನಗೆ ಸಾಧ್ಯವಾಗಲಿಲ್ಲ. ಮುದುಕರಾದ ಅಜ್ಜ ಅಜ್ಜಿಯರಿಗೆ ಈ ಸಂಸಾರದಲ್ಲಿ ಎಡೆಯೇ ಇಲ್ಲ.

ದರವನ್ನು ಗೊತ್ತುಮಾಡುವವರು ಯಾರು? ಸಾಮಾನ್ಯವಾಗಿ ರಾಜ್ಯ ಸರಕಾರ. ಗಣಿ, ರೈಲ್ವೆ ಮೊದಲಾದವಕ್ಕೆ ಕೇಂದ್ರ ಸರಕಾರ. ಆದುದರಿಂದ ನಮ್ಮ ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯೊಳಗೆ ಇಳಿಯುವವನ ಕನಿಷ್ಠ ದರ ದಿಲ್ಲಿಯಲ್ಲಿ, ಗಣಿಯ ಹೊರಗಿನ ಹೋಟೆಲಿನಲ್ಲಿ ಲೋಟ ತೊಳೆಯುವವನ ದರ ಬೆಂಗಳೂರಿನಲ್ಲಿ ನಿಶ್ಚಯವಾಗುತ್ತದೆ. (ಗಣಿಯ ಕಾಯಂ ನೌಕರರ ಪಗಾರವು ಕಂಪನಿಗೂ ಸಂಘಕ್ಕೂ ಆಗುವ ಒಪ್ಪಂದದಿಂದ ಬರುವಂಥದು, ಹೆಣ್ಣು ಕೊಡುವವರು ಅದನ್ನು ವಿಚಾರಿಸುವುದು ಸುಮ್ಮನೆ ಅಲ್ಲ.) ಕರ್ನಾಟಕದಲ್ಲಿ ಪ್ರದೇಶಗಳನ್ನು ವಲಯಗಳಾಗಿಯೂ ಕೆಲಸಗಾರರನ್ನು ಅಕುಶಲ, ಅರೆಕುಶಲ, ಕುಶಲ ಮೊದಲಾಗಿಯೂ ವಿಂಗಡಿಸಿ ದರ ಹಾಕುತ್ತಾರೆ. ಐದು ವರ್ಷಕ್ಕೆ ಮೀರದಂತೆ ದರವನ್ನು ಪುನರ್ವಿಮರ್ಶಿಸಬೇಕು. ಪ್ರತಿ ಏಪ್ರಿಲ್ 1ರಿಂದ ಬೆಲೆಯೇರಿಕೆಗೆ ತಕ್ಕ ತುಟ್ಟಿಭತ್ಯೆ ಕೂಡುತ್ತದೆ. ಕೇಂದ್ರವು ಗೊತ್ತುಮಾಡುವ ತಳಮಟ್ಟದ ವೇತನಕ್ಕಿಂತ ಕೆಳಗೆ ಯಾವ ರಾಜ್ಯವೂ ಇಳಿಯಕೂಡದೆಂದು ಸಂಹಿತೆ ವಿಧಿಸುತ್ತದೆ.

ಎರಡೆಕರೆ ಒಣಹೊಲದ ರೈತ ಇಷ್ಟು ಕೂಲಿಯನ್ನು ಎಲ್ಲಿಂದ ತರಬೇಕೆಂದು ಮಸ್ಕಿಯ ಕಡೆಯ ಮಿತ್ರರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಸುಳ್ಳಲ್ಲ. ಬೆಳೆಯ ಬೆಲೆ ಬಿದ್ದ ವರ್ಷ ಆ ರೈತನ ಸ್ವಂತ ದುಡಿಮೆಗೇ ಕನಿಷ್ಠ ಕೂಲಿ ಹುಟ್ಟುವುದಿಲ್ಲ. ಆದರೂ ಕೊಡುವ ಶಕ್ತಿ ಇಲ್ಲವೆಂಬ ವಾದವನ್ನು ನ್ಯಾಯಾಲಯ ಒಪ್ಪಿಲ್ಲ. ಕೇರಳದ ಹೆಂಚಿನ ಕಾರ್ಖಾನೆಗಳವರು ಈ ವಾದ ಹೂಡಿದಾಗ, 1961ರ ಉಣಿಚೋಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ವೇತನವನ್ನು ನಿಗದಿಮಾಡುವಾಗ ಧಣಿಯ ಶಕ್ತಿಯನ್ನು ನೋಡಬೇಕಾಗಿಲ್ಲವೆಂದು ಹೇಳಿತು. ರೈತನ ಕಷ್ಟಕ್ಕೆ ಪರಿಹಾರ ಬೆಳೆಯ ಬೆಲೆಯಲ್ಲಿ ಸಿಗಬೇಕೇ ಹೊರತು ಕೂಲಿಯವಳ ಸೆರಗಿನಿಂದಲ್ಲವೆಂದು ನನಗೆ ತೋರುತ್ತದೆ.

ಇನ್ನು ಬಟವಾಡೆಯ ಸಂಗತಿ. ದಿನಗೂಲಿಯವನಿಗೆ ಅಂದಿನ ಪಾಳಿ ಮುಗಿದಾಗಲೇ, ವಾರದವನಿಗೆ ವಾರದ ಕೊನೆಯ ಕೆಲಸದ ದಿನ, ತಿಂಗಳಿನವನಿಗೆ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಕೊಡತಕ್ಕದ್ದು. ಕೆಲಸದಿಂದ ತೆಗೆದರೆ, ಇಲ್ಲವೆ ತಾನೇ ಬಿಟ್ಟರೆ, ಎರಡು ಕೆಲಸದ ದಿನಗಳೊಳಗೆ ಲೆಕ್ಕ ತೀರಿಸಬೇಕು. ಹೆಚ್ಚುವರಿ ಹೊತ್ತಿನ ದುಡಿಮೆಗೆ ಇಮ್ಮಡಿ ದರ. ಒಂದೇ ಬಗೆಯ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಕೂಲಿ ನಿಷಿದ್ಧ. ಇದು 1976ರಿಂದಲೂ ನಿಷಿದ್ಧವೇ, ಆದರೂ ನಮ್ಮೂರಲ್ಲಿ ನಾಳಿನ ಕೆಲಸಕ್ಕೆ ಆಳು ಕರೆಯುವಾಗ ಎರಡು ದರಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಎಕರೆಗಿಷ್ಟೆಂದು ಗುತ್ತಿಗೆ ಹಿಡಿದು ಮಾಡುವ ಕೆಲಸಕ್ಕೆ ಬೇರೆ ದರ ಗೊತ್ತಾಗಿರದಿದ್ದರೆ, ದಿನದ ಲೆಕ್ಕದಲ್ಲಿ ಕನಿಷ್ಠಕ್ಕಿಂತ ಕಡಿಮೆ ಬೀಳುವಂತಿಲ್ಲ.

ಗುಳೆ ಹೋಗುವವರಿಗೆ ಮುಖ್ಯವಾದುದು ಮುಂಗಡ. ಮೇಸ್ತ್ರಿ ಮುಂಗಡವಾಗಿ ಕೊಟ್ಟ ಹಣವನ್ನು ಕೂಲಿಯಲ್ಲಿ ಮುರಿದುಕೊಳ್ಳಬಹುದು. ಆದರೆ ಎಲ್ಲ ಕಡಿತಗಳೂ ಸೇರಿ ಕೂಲಿಯ ಅರ್ಧವನ್ನು ಮೀರಕೂಡದು. ಮುಂಗಡದ ಹೆಸರಿನಲ್ಲಿ ಮನುಷ್ಯನನ್ನು ಬಿಡದೆ ದುಡಿಸಿಕೊಂಡರೆ ಅದು ಜೀತ. ಜೀತ ಪದ್ಧತಿ 1976ರ ಕಾಯಿದೆಯಿಂದ ರದ್ದಾಗಿದೆ. ಬರಗಾಲದ ಕಾಮಗಾರಿಯಲ್ಲಿ ಕೂಡ ಕನಿಷ್ಠಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೆಂದು ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ರಾಜಸ್ಥಾನದ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿತು. ತಾನೇ ಒಪ್ಪಿ ಕಡಿಮೆಗೆ ಬಂದನಲ್ಲಾ ಎಂಬ ಸಮಾಧಾನಕ್ಕೂ ಬೆಲೆಯಿಲ್ಲ. ಹಸಿವಿನಿಂದ ಹುಟ್ಟಿದ ಒಪ್ಪಿಗೆಯನ್ನು ನ್ಯಾಯಾಲಯ ಒಪ್ಪಿಗೆಯೆಂದು ಎಣಿಸಲಿಲ್ಲ. ಹಕ್ಕನ್ನು ಬಿಟ್ಟುಕೊಡುವ ಕರಾರು ಎಷ್ಟೇ ಸಹಿಗಳಿದ್ದರೂ ಅನೂರ್ಜಿತ.

ಹಾಗಾದರೆ ನನ್ನ ಸಹಿ? ಅದೂ ಕೊನೆಯ ಮಾತಾಗಿರಲಿಲ್ಲವೆಂದು ತಿಳಿದಾಗ ಕಾಲ ಮಿಂಚಿತ್ತು. ಹಳೆಯ ಕಾಯಿದೆಯಲ್ಲಿ ಕನಿಷ್ಠಕ್ಕಿಂತ ಕಡಿಮೆ ಸಿಕ್ಕಿದವನು ಆರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಸಂಹಿತೆ ಅದನ್ನು ಮೂರು ವರ್ಷಕ್ಕೆ ಏರಿಸಿದೆ. ಅರ್ಜಿಯನ್ನು ಕೆಲಸಗಾರನೇ ಹಾಕಬಹುದು, ಅವನ ಸಂಘವೂ ಹಾಕಬಹುದು. ಹಲವರು ಸೇರಿ ಒಂದೇ ಅರ್ಜಿ ಕೊಡಬಹುದು. ಬಾಕಿಯ ಜೊತೆಗೆ ಅದರ ಹತ್ತರಷ್ಟರವರೆಗೆ ಪರಿಹಾರ ಕೊಡಿಸುವ ಅಧಿಕಾರ ವಿಚಾರಣೆಯ ಅಧಿಕಾರಿಗಿದೆ. ಕಡಿಮೆ ಕೊಟ್ಟವನಿಗೆ ಮೊದಲ ಸಲ 50,000 ರೂಪಾಯಿಗಳವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ತಪ್ಪಿದರೆ ಮೂರು ತಿಂಗಳವರೆಗೆ ಸೆರೆಯೂ ಆಗಬಹುದು. ಮೇಸ್ತ್ರಿ ಓಡಿಹೋದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ವಿಧಿ: ಕೂಲಿ ಸಿಕ್ಕಿಲ್ಲವೆಂದು ಅರ್ಜಿ ಬಂದರೆ, ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಧಣಿಯದು. ಹೆಬ್ಬೆಟ್ಟಿನವನು ಸಾಕ್ಷಿ ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಆದರೂ ಸುಳ್ಳು ಪುಸ್ತಕಕ್ಕೆ ಎದುರಾಗಿ ಇಡಲು ನಮ್ಮದೊಂದು ಪುಸ್ತಕವಿದ್ದರೆ ಒಳ್ಳೆಯದು. ಈ ಸಲ ಅಪ್ಪ ಹೊರಟಾಗ ನನ್ನ ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳನ್ನು ಹೊಲಿದು, ತಾರೀಖು, ಕೆಲಸದ ಹೊತ್ತು, ಕೈಗೆ ಬಂದ ಹಣ ಎಂದು ಮೂರು ಮನೆ ಗೆರೆ ಎಳೆದು ಕೊಟ್ಟಿದ್ದೇನೆ. ಅವರೊಡನೆ ಹೋಗುವ ಪಕ್ಕದ ಮನೆಯ ಹುಡುಗ ಒಂಬತ್ತನೆಯ ತರಗತಿಯವರೆಗೆ ಓದಿದವನು. ದಿನವೂ ರಾತ್ರಿ ಬರೆಯುತ್ತೇನೆಂದು ಒಪ್ಪಿದ್ದಾನೆ. ಅಪ್ಪ ಅದನ್ನು ಬೇಡವೆನ್ನಲಿಲ್ಲ. ಬುತ್ತಿಯ ಗಂಟಿನಲ್ಲಿ ರೊಟ್ಟಿಗಳ ಕೆಳಗೆ ಇಟ್ಟುಕೊಂಡರು.