ಅಣ್ಣ ಒಬ್ಬನೋ, ಹಲವರೋ?



ನಮ್ಮ ದಿಲ್‌ಸುಖ್‌ನಗರದಲ್ಲಿ ಇಂಗ್ಲಿಷ್ ಕಲಿಸುವ ಕೋಚಿಂಗ್ ಸೆಂಟರುಗಳ ಬೋರ್ಡಿಗೆ ಬರವಿಲ್ಲ. ನೀವೂ ಇಂಗ್ಲಿಷನ್ನು ನೀರು ಕುಡಿದಷ್ಟು ಸುಲಭವಾಗಿ ಮಾತಾಡುತ್ತೀರಿ. ಆದರೆ ಬರೆಯಲು ಕುಳಿತಾಗ ಒಂದು ಪುಟ್ಟ ಚಿಹ್ನೆ ನಿಮ್ಮಲ್ಲಿ ಅನೇಕರನ್ನು ಕಾಡುತ್ತದೆ. ಅದೇ ಅಲ್ಪವಿರಾಮ, ಅಂದರೆ ಕಾಮಾ. ಉಸಿರು ನಿಲ್ಲಿಸುವ ಕಡೆ ಹಾಕಿದರಾಯಿತು ಎಂದುಕೊಂಡಿದ್ದೀರಲ್ಲವೇ? ‘ಹೂ’, ‘ವಿಚ್’ ಬರುವ ಕಡೆ ಅದು ಅರ್ಥವನ್ನೇ ಬದಲಿಸಿಬಿಡುತ್ತದೆ.

ಅಮೆರಿಕಕ್ಕೆ ಓದಲು ಹೊರಟ ಹುಡುಗಿಯೊಬ್ಬಳು ಅರ್ಜಿಯ ಜೊತೆಗಿನ ಪತ್ರದಲ್ಲಿ ಹೀಗೆ ಬರೆದಳು ಎಂದುಕೊಳ್ಳಿ: “ಮೈ ಬ್ರದರ್ ಹೂ ವರ್ಕ್ಸ್ ಇನ್ ಡಲ್ಲಾಸ್ ವಿಲ್ ಪೇ ಮೈ ಫೀಸ್.” ಓದಿದವರು, ಇವಳಿಗೆ ಅಣ್ಣಂದಿರು ಹಲವರು, ಅವರಲ್ಲಿ ಡಲ್ಲಾಸಿನವನು ಫೀಜು ಕಟ್ಟುತ್ತಾನೆ ಎಂದು ತಿಳಿಯುತ್ತಾರೆ. ಅದೇ “ಮೈ ಬ್ರದರ್, ಹೂ ವರ್ಕ್ಸ್ ಇನ್ ಡಲ್ಲಾಸ್, ವಿಲ್ ಪೇ ಮೈ ಫೀಸ್” ಎಂದರೆ ಅಣ್ಣ ಒಬ್ಬನೇ. ಡಲ್ಲಾಸಿನ ಮಾತು ಜೊತೆಗೆ ಸೇರಿಸಿದ ವಿವರ ಅಷ್ಟೆ. ಅರ್ಜಿಯಲ್ಲಿ ಒಬ್ಬನೇ ಅಣ್ಣನೆಂದು ತುಂಬಿ, ಪತ್ರದಲ್ಲಿ ಹಲವರ ಸುಳಿವು ಕೊಟ್ಟರೆ ಅನುಮಾನ ಬಾರದಿರುತ್ತದೆಯೇ?

ಇದು ನಮಗೆ ತೊಡಕಾಗುವುದು ದಡ್ಡತನದಿಂದಲ್ಲ. ಕನ್ನಡದ ವಾಕ್ಯದ ಕಟ್ಟೇ ಬೇರೆ. “ಡಲ್ಲಾಸಿನಲ್ಲಿ ಕೆಲಸ ಮಾಡುವ ನನ್ನ ಅಣ್ಣ” ಎನ್ನುತ್ತೇವೆ. ‘ಮಾಡುವ’ ಎಂಬ ಕೃದಂತ ಅಣ್ಣನಿಗಿಂತ ಮೊದಲೇ ಬಂದು ಕೂರುತ್ತದೆ. ಅಣ್ಣ ಒಬ್ಬನಿದ್ದರೂ ಇದೇ ಮಾತು, ನಾಲ್ವರಿದ್ದರೂ ಇದೇ ಮಾತು. ತೆಲುಗಿನಲ್ಲೂ ಹೀಗೆಯೇ. ಕೇಳುವವರಿಗೆ ನಮ್ಮ ಮನೆಯ ಲೆಕ್ಕ ಗೊತ್ತಿದ್ದರೆ ಸಾಕು. ಗೊತ್ತಿಲ್ಲದಿದ್ದರೆ “ನನ್ನ ಅಣ್ಣಂದಿರಲ್ಲಿ ಡಲ್ಲಾಸಿನಲ್ಲಿರುವವನು” ಎಂದು ಬಿಡಿಸಿ ಹೇಳುತ್ತೇವೆ. ಇಂಗ್ಲಿಷ್ ಬರಹದಲ್ಲಿ ಈ ಬಿಡಿಸಿ ಹೇಳುವ ಕೆಲಸ ಅಲ್ಪವಿರಾಮದ್ದು.

ಹಾಗಾದರೆ ಉಪಾಯವೇನು? ‘ಹೂ’ ಅಥವಾ ‘ವಿಚ್’ನಿಂದ ಶುರುವಾಗುವ ತುಂಡನ್ನು ಬೆರಳಿಂದ ಮುಚ್ಚಿ ನೋಡಿ. ಯಾರು, ಯಾವುದು ಎಂಬುದು ಆಗಲೂ ತಿಳಿಯುತ್ತದೆಯೇ? ಹಾಗಿದ್ದರೆ ಅಲ್ಪವಿರಾಮ ಹಾಕಿ. ತಿಳಿಯದೆ “ಯಾವುದು?” ಎಂಬ ಪ್ರಶ್ನೆ ಉಳಿದರೆ ಹಾಕಬೇಡಿ. “ಹೈದರಾಬಾದ್, ವಿಚ್ ವಾಸ್ ಫೌಂಡೆಡ್ ಇನ್ 1591,” ಎಂದು ನಮ್ಮ ಊರಿನ ಬಗ್ಗೆ ಬರೆಯುವಾಗ ಅಲ್ಪವಿರಾಮ ಬೇಕೇ ಬೇಕು. ಆದರೆ ಪಾಕಿಸ್ತಾನದ ಸಿಂಧ್‌ನಲ್ಲೂ ಒಂದು ಹೈದರಾಬಾದ್ ಇದೆ. ಎರಡರಲ್ಲಿ ಅದನ್ನು ಗುರುತಿಸಲು “ದ ಹೈದರಾಬಾದ್ ದಟ್ ಈಸ್ ಇನ್ ಸಿಂಧ್” ಎಂದರೆ ಅಲ್ಪವಿರಾಮ ಬೇಡ. ‘ದಟ್’ ಹೀಗೆ ಗುರುತಿಸುವುದಕ್ಕೇ ಇರುವ ಪದ. ಮೇಲಿನ ವಿವರಕ್ಕೆ ಅದನ್ನು ಬಳಸುವುದಿಲ್ಲ. ಇನ್ನೊಂದು ಮಾತು: ವಾಕ್ಯದ ನಡುವೆ ಬಂದರೆ ಅಲ್ಪವಿರಾಮ ಜೋಡಿಯಾಗಿಯೇ ಇರಬೇಕು. ಬಾಗಿಲು ತೆರೆದವರು ಮುಚ್ಚಲೂಬೇಕಲ್ಲ!

ಅಪಾರ್ಟ್‌ಮೆಂಟಿನ ನೋಟೀಸೊಂದನ್ನು ಊಹಿಸಿ: “ಟೆನೆಂಟ್ಸ್, ಹೂ ಹ್ಯಾವ್ ನಾಟ್ ಪೇಯ್ಡ್, ಮಸ್ಟ್ ವೆಕೇಟ್.” ಈ ಎರಡು ಗೆರೆ ಸೇರಿ, ಬಾಕಿ ಇಲ್ಲದ ಬಾಡಿಗೆದಾರರನ್ನೂ ಬಾಕಿದಾರರನ್ನಾಗಿ ಮಾಡಿ ಹೊರಗೆ ಹಾಕಿದವು! ತೆಗೆದುಬಿಟ್ಟರೆ ಹಣ ಕೊಡದವರಿಗೆ ಮಾತ್ರ ಆ ಮಾತು.

ಇದು ಬರೀ ವ್ಯಾಕರಣದ ಮೇಷ್ಟರ ಹಟವಲ್ಲ. 1979ರಲ್ಲಿ ಮೊಹಮ್ಮದ್ ಶಬ್ಬೀರ್ ಮತ್ತು ಮಹಾರಾಷ್ಟ್ರ ಸರ್ಕಾರದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 1940ರ ಔಷಧ ಕಾಯಿದೆಯ 27ನೇ ಕಲಮನ್ನು ಪರಿಶೀಲಿಸಿತು. ಅಲ್ಲಿ ‘ಸ್ಟಾಕ್ಸ್’ ಪದದ ನಂತರ ಅಲ್ಪವಿರಾಮ ಇರಲಿಲ್ಲ. ಆದ್ದರಿಂದ ಮುಂದಿನ ‘ಮಾರಾಟಕ್ಕೆ’ ಎಂಬ ಮಾತು ಅದಕ್ಕೂ ಅನ್ವಯಿಸುತ್ತದೆ, ಸುಮ್ಮನೆ ಔಷಧಿ ಇಟ್ಟುಕೊಂಡ ಮಾತ್ರಕ್ಕೆ ಆ ಕಲಮಿನ ಅಪರಾಧವಾಗದು ಎಂದಿತು. ಇದು ‘ಹೂ’, ‘ವಿಚ್’ ವಾಕ್ಯವಲ್ಲ, ನಿಜ. ಆದರೆ ಒಂದು ಮಾತು ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ವಿಲ್ಲು, ಬಾಡಿಗೆ ಕರಾರು, ಕೆಲಸದ ಅರ್ಜಿ ಓದುವವರಿಗೆ ನಿಮ್ಮ ಮನೆ ಗೊತ್ತಿಲ್ಲ. ನೀವು ಹೊರಗಿದ್ದಾಗ ನಿಮ್ಮ ಪರವಾಗಿ ಮಾತಾಡುವುದು ಆ ಕಾಗದ ಮಾತ್ರ. ಸಹಿ ಹಾಕುವ ಮೊದಲು ಒಮ್ಮೆ ಕೇಳಿಕೊಳ್ಳಿ: ಅಣ್ಣ ಒಬ್ಬನೋ, ಹಲವರೋ?