ಜೀವವು ವಸ್ತುವೋ, ವ್ಯವಸ್ಥೆಯೋ? ಬೀಜ, ಎಲೆ ಮತ್ತು ವೈರಾಣುವಿನ ಮುಂದೆ ಸೃಷ್ಟಿಸಿದ್ಧಾಂತ

"ಮಣ್ಣಿಗೆ ಜೀವವಿಲ್ಲ, ಮೊಳಕೆಗೆ ಜೀವವಿದೆ, ಆ ಜೀವವೇನೆಂದು ಯಾವ ವಿಜ್ಞಾನಿಯೂ ಹೇಳಲಾರ, ಆದುದರಿಂದ ಅದನ್ನು ಕೊಡುವ ದೇವರಿದ್ದಾನೆ" ಎಂಬ ವಾದ ನಮ್ಮ ಪ್ರಸಂಗಪೀಠಗಳಿಂದ ಆಗಾಗ್ಗೆ ಕೇಳಿಬರುತ್ತದೆ. ಈ ವಾದದ ಕೊನೆಯ ಮಾತನ್ನು ನಾವು ಮನಃಪೂರ್ವಕವಾಗಿ ನಂಬುತ್ತೇವೆ. ಆದರೆ ಅಲ್ಲಿಗೆ ತಲಪಲು ಹಿಡಿದ ದಾರಿ ಭದ್ರವಾದುದಲ್ಲ. ಸಜೀವ ಮತ್ತು ನಿರ್ಜೀವಗಳ ನಡುವಣ ಗೆರೆಯ ಮೇಲೆ ನಂಬಿಕೆಯ ಮನೆಯನ್ನು ಕಟ್ಟಿದವನು, ಆ ಗೆರೆ ಅಲುಗಿದ ದಿನ ಮನೆಯನ್ನೂ ಕಳೆದುಕೊಳ್ಳುತ್ತಾನೆ. ಆದಕಾರಣ ಜೀವಶಾಸ್ತ್ರವು ಈ ಗೆರೆಯ ಬಗ್ಗೆ ಏನನ್ನು ಹೇಳುತ್ತದೆ, ಅದರಿಂದ ಸಭಾಪಾಲಕನು ಏನನ್ನು ಕಲಿಯಬೇಕು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಉದಾಹರಣೆಗಳಿಗಾಗಿ ದೂರ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ವರ್ಜೀನಿಯಾ ತಂಬಾಕಿನ ಸೀಮೆ. ಈ ಬೆಳೆಯ ಸಂಶೋಧನೆಗೆಂದೇ ಹುಣಸೂರಿನಲ್ಲಿ ಒಂದು ಕೇಂದ್ರವಿದೆ. ತಂಬಾಕಿನಿಂದ ಮನುಷ್ಯರಿಗಾಗುವ ಹಾನಿ ಮತ್ತು ಅದನ್ನು ಬೆಳೆಯುವವರ ಸಂಕಟ ಪ್ರತ್ಯೇಕ ಲೇಖನಕ್ಕೆ ಯೋಗ್ಯವಾದ ವಿಷಯ. ನಮ್ಮ ಪ್ರಶ್ನೆಗೆ ಸಂಬಂಧಿಸಿದಂತೆ ಮಾತ್ರ, ಈ ಒಂದು ಗಿಡವು ಕಲಿಸುವಷ್ಟನ್ನು ಬೇರೆ ಗಿಡಗಳು ಕಲಿಸುವುದು ಅಪರೂಪ.

ಲಕ್ಷಣಗಳ ಪಟ್ಟಿ

ಶಾಲೆಯ ಪಠ್ಯಪುಸ್ತಕ ಜೀವಿಗಳ ಲಕ್ಷಣಗಳನ್ನು ಪಟ್ಟಿ ಮಾಡುತ್ತದೆ. ಜೀವಿಯು ಜೀವಕೋಶಗಳಿಂದಾಗಿದೆ, ಆಹಾರವನ್ನು ಪಡೆದು ಶಕ್ತಿಯಾಗಿ ಮಾರ್ಪಡಿಸುತ್ತದೆ, ಬೆಳೆಯುತ್ತದೆ, ಸುತ್ತಲಿನ ಬದಲಾವಣೆಗೆ ಸ್ಪಂದಿಸುತ್ತದೆ, ಒಳಗಿನ ಸ್ಥಿತಿಯನ್ನು ಸಮತೋಲದಲ್ಲಿಡುತ್ತದೆ, ಸಂತಾನವನ್ನು ಪಡೆಯುತ್ತದೆ, ತನ್ನ ಗುಣಗಳನ್ನು ಮುಂದಿನ ಪೀಳಿಗೆಗೆ ದಾಟಿಸುತ್ತದೆ.

ಪಟ್ಟಿ ಉಪಯುಕ್ತವಾದುದೇ. ಆದರೆ ಬಿಡಿ ಲಕ್ಷಣಗಳಾವುವೂ ಸಾಕಾಗುವುದಿಲ್ಲ. ತಂಬಾಕು ಹದ ಮಾಡುವ ಬ್ಯಾರನ್ನಿನ ಒಲೆಯಲ್ಲಿ ಉರಿಯುವ ಬೆಂಕಿ ಸೌದೆಯನ್ನು ತಿನ್ನುತ್ತದೆ, ಗಾಳಿಯನ್ನು ಬೇಡುತ್ತದೆ, ಬೆಳೆಯುತ್ತದೆ, ಹಬ್ಬುತ್ತದೆ. ಆದರೂ ಅದಕ್ಕೆ ಜೀವವಿಲ್ಲ. ಪಾಕದಲ್ಲಿ ಇಳಿಬಿಟ್ಟ ದಾರದ ಮೇಲೆ ಕಲ್ಲುಸಕ್ಕರೆಯ ಹರಳು ಬೆಳೆಯುತ್ತದೆ; ಅದಕ್ಕೂ ಜೀವವಿಲ್ಲ. ಇತ್ತ ಹೇಸರಗತ್ತೆಗೆ ಸಾಮಾನ್ಯವಾಗಿ ಸಂತಾನವಾಗುವುದಿಲ್ಲ. ಅದನ್ನು ನಿರ್ಜೀವವೆಂದು ಯಾರೂ ಕರೆಯುವುದಿಲ್ಲ. ಹಾಗಾದರೆ ಜೀವವನ್ನು ಜೀವವನ್ನಾಗಿ ಮಾಡುವುದು ಯಾವುದು? ಮೂರು ಉದಾಹರಣೆಗಳನ್ನು ನೋಡೋಣ.

ಬೀಜ

ತಂಬಾಕಿನ ಬೀಜ ಧೂಳಿನಷ್ಟು ಸಣ್ಣದು. ಒಂದು ಗ್ರಾಂ ತೂಕದಲ್ಲಿ 10,000ಕ್ಕೂ ಹೆಚ್ಚು ಬೀಜಗಳಿರುತ್ತವೆ. ಒಣಗಿಸಿಟ್ಟ ಬೀಜ ಬೆಳೆಯುವುದಿಲ್ಲ, ಸ್ಪಂದಿಸುವಂತೆಯೂ ಕಾಣುವುದಿಲ್ಲ. ಅದರ ಉಸಿರಾಟ ಅತ್ಯಲ್ಪ. ಭತ್ತಕ್ಕೆ ಹೆಸರಾದ ಕೃಷ್ಣರಾಜನಗರದ ಕಡೆ ರೈತನ ಮನೆಯಲ್ಲಿ ಬಿತ್ತನೆಯ ಭತ್ತ ಒಂದು ಚೀಲದಲ್ಲಿಯೂ, ಕುದಿಸಿ ಒಣಗಿಸಿದ ಭತ್ತ ಇನ್ನೊಂದರಲ್ಲಿಯೂ ಇದೆ ಎಂದಿಟ್ಟುಕೊಳ್ಳೋಣ. ಎರಡರಲ್ಲಿಯೂ ಇರುವ ಮೂಲವಸ್ತುಗಳು ಬಹುಮಟ್ಟಿಗೆ ಅವೇ. ನೆನೆಸಿ ಗೋಣಿಯಲ್ಲಿ ಮುಚ್ಚಿಟ್ಟರೆ ಒಂದು ಮೊಳೆಯುತ್ತದೆ, ಇನ್ನೊಂದು ಕೊಳೆಯುತ್ತದೆ. ಕುದಿಯುವಾಗ ಭತ್ತದಿಂದ ಯಾವುದೋ ಒಂದು ವಸ್ತು ಹೊರಗೆ ಹಾರಿಹೋಗಲಿಲ್ಲ. ಜೀವಕೋಶಗಳ ಪೊರೆಗಳೂ ಕಿಣ್ವಗಳೂ ತಮ್ಮ ರಚನೆಯನ್ನು ಕಳೆದುಕೊಂಡವು. ನಾಶವಾದದ್ದು ಆ ವಸ್ತುಗಳ ನಡುವಣ ವ್ಯವಸ್ಥೆ.

ಈ ವ್ಯವಸ್ಥೆ ಉಳಿದರೆ ಜೀವ ಎಷ್ಟು ಕಾಲ ಕಾಯಬಲ್ಲದು ಎಂಬುದಕ್ಕೆ ವೇದನಾಡಿನಿಂದಲೇ ಒಂದು ನಿದರ್ಶನವಿದೆ. ಮೃತಸಮುದ್ರದ ಬಳಿಯ ಮಸಾದ ಕೋಟೆಯ ಉತ್ಖನನದಲ್ಲಿ ದೊರೆತ, ಸುಮಾರು 2000 ವರ್ಷ ಹಳೆಯದಾದ ಖರ್ಜೂರದ ಬೀಜವೊಂದನ್ನು 2005ರಲ್ಲಿ ನೆಟ್ಟಾಗ ಅದು ಮೊಳೆತು ಮರವಾಯಿತು. ಅದಕ್ಕೆ ಮೆತೂಷೆಲಹ ಎಂದು ಹೆಸರಿಟ್ಟರು.

ಇಲ್ಲಿ ಒಂದು ವ್ಯಾಖ್ಯಾನದ ಪ್ರಶ್ನೆ ಏಳುತ್ತದೆ. ಯೋಹಾನ 12:24ರಲ್ಲಿ ಕರ್ತನು ಗೋದಿಯ ಕಾಳು ಸಾಯುವುದನ್ನು ಕುರಿತು ಹೇಳುತ್ತಾನೆ. 1 ಕೊರಿಂಥ 15:36ರಲ್ಲಿ ಪೌಲನೂ ಹಾಗೆಯೇ ಬರೆಯುತ್ತಾನೆ. ಸಸ್ಯಶಾಸ್ತ್ರದ ಅರ್ಥದಲ್ಲಿ ಮೊಳೆಯುವ ಬೀಜ ಸಾಯುವುದಿಲ್ಲ; ಸತ್ತ ಬೀಜ ಮೊಳೆಯುವುದಿಲ್ಲ. ಪ್ರತಿ ವರ್ಷ ಬೀಜದ ಮೊಳಕೆಯನ್ನು ಪರೀಕ್ಷಿಸುವ ರೈತನಿಗೆ ಇದು ತಿಳಿದೇ ಇದೆ. ವಾಕ್ಯವು ಸಸ್ಯಶಾಸ್ತ್ರವನ್ನು ಬೋಧಿಸುತ್ತಿಲ್ಲ. ಕಾಳು ಕಾಳಾಗಿ ಉಳಿಯುವುದನ್ನು ಬಿಟ್ಟುಕೊಟ್ಟು ಮಣ್ಣಿನಲ್ಲಿ ಮರೆಯಾಗುವುದನ್ನು ಅದು ಸಾವೆಂದು ಕರೆಯುತ್ತದೆ. ಇದನ್ನು ವಿಜ್ಞಾನದ ಹೇಳಿಕೆಯೆಂದು ಸಾಧಿಸಹೊರಟ ಪ್ರಸಂಗಿಯು ರೈತನ ಮುಂದೆ ವಾಕ್ಯವನ್ನೇ ಹಗುರಗೊಳಿಸುತ್ತಾನೆ.

ಬ್ಯಾರನ್ನಿನೊಳಗಿನ ಎಲೆ

ಗಿಡದಿಂದ ಮುರಿದ ಎಲೆ ಯಾವಾಗ ಸಾಯುತ್ತದೆ? ಮುರಿದ ಕ್ಷಣದಲ್ಲಿಯೇ ಎಂದು ನಾವು ಹೇಳಿಬಿಡುತ್ತೇವೆ. ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಎಚ್ಚರವಿರುವ ಬೆಳೆಗಾರನ ಕೆಲಸ ನಿಂತಿರುವುದು ಇದಕ್ಕೆ ವಿರುದ್ಧವಾದ ಸತ್ಯದ ಮೇಲೆ. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದ ಮೇಲೆ ಮೊದಲ ಒಂದೆರಡು ದಿನ ಎಲೆ ಇನ್ನೂ ಬದುಕಿರುತ್ತದೆ, ಉಸಿರಾಡುತ್ತಿರುತ್ತದೆ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನ ತೇವದ ಶಾಖದಲ್ಲಿ ಅದರ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಹಸಿರು ಕರಗಿ ಹಳದಿ ಮೇಲೇಳುತ್ತದೆ. ಆಮೇಲೆ ಮಾತ್ರ ಶಾಖವನ್ನು ಹಂತಹಂತವಾಗಿ ಏರಿಸಿ ಎಲೆಯನ್ನು ಒಣಗಿಸುತ್ತಾರೆ; ನಡುದಂಟು ಒಣಗುವ ಹೊತ್ತಿಗೆ ಶಾಖ 70 ಡಿಗ್ರಿ ಮುಟ್ಟುತ್ತದೆ. ಆತುರಪಟ್ಟು ಮೊದಲೇ ಬೆಂಕಿಯನ್ನು ಹೆಚ್ಚಿಸಿದರೆ ಎಲೆ ಬೇಗನೆ ಸತ್ತು ಹಸಿರಾಗಿಯೇ ಉಳಿಯುತ್ತದೆ. ಹರಾಜಿನಲ್ಲಿ ಅದಕ್ಕೆ ಬೆಲೆಯಿಲ್ಲ.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಸಾವು ಅನೇಕ ವೇಳೆ ಒಂದು ಕ್ಷಣವಲ್ಲ, ಒಂದು ಪ್ರಕ್ರಿಯೆ. ಮತ್ತು ಇಡಿಯ ಜೀವವೇ ಬೇರೆ, ಬಿಡಿಭಾಗದ ಜೀವವೇ ಬೇರೆ. ಈ ಎರಡನೆಯ ಮಾತಿಗೆ ಕೊನೆಯಲ್ಲಿ ಮರಳುತ್ತೇವೆ.

ಗೆರೆಯ ಮೇಲೆ ನಿಂತ ವೈರಾಣು

ತಂಬಾಕಿನ ಸಸಿಮಡಿಯಲ್ಲಿ ಕೆಲವೊಮ್ಮೆ ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆಗಳು ಮೂಡುತ್ತವೆ. ಇದು ಮೊಸಾಯಿಕ್ ರೋಗ. ರೋಗ ಹತ್ತಿದ ಗಿಡವನ್ನು ಮುಟ್ಟಿದ ಕೈಯೇ ಅದನ್ನು ಇನ್ನೊಂದಕ್ಕೆ ಹಚ್ಚುತ್ತದೆ. ಒಣಗಿದ ಸೊಪ್ಪಿನಲ್ಲಿಯೂ, ಬೀಡಿ ಸಿಗರೇಟುಗಳಲ್ಲಿಯೂ ರೋಗಕಾರಕ ಉಳಿದಿರಬಲ್ಲದು; ಆದುದರಿಂದಲೇ ಸಸಿಮಡಿಯಲ್ಲಿ ಬೀಡಿ ಸೇದಬಾರದು, ಸೋಪಿನಿಂದ ಕೈ ತೊಳೆದೇ ಸಸಿ ಮುಟ್ಟಬೇಕು ಎಂಬ ಎಚ್ಚರಿಕೆ.

ಈ ರೋಗದ ಶೋಧನೆಯಿಂದಲೇ ವೈರಾಣುಶಾಸ್ತ್ರ ಹುಟ್ಟಿತು. 1892ರಲ್ಲಿ ರಷ್ಯದ ಇವಾನೊವ್‌ಸ್ಕಿ, ಬ್ಯಾಕ್ಟೀರಿಯಗಳನ್ನು ತಡೆಯುವ ಸೋಸುಕದಿಂದ ಇಳಿದ ರಸವೂ ರೋಗ ತರುತ್ತದೆಂದು ಕಂಡನು. 1898ರಲ್ಲಿ ಹಾಲೆಂಡಿನ ಬೆಯೆರಿಂಕ್ ಅದು ಬ್ಯಾಕ್ಟೀರಿಯಕ್ಕಿಂತ ಬೇರೆ ಬಗೆಯ ಸೋಂಕೆಂದೂ, ಜೀವಂತ ಎಲೆಯಲ್ಲಿ ಮಾತ್ರ ಹೆಚ್ಚುತ್ತದೆಂದೂ ತೋರಿಸಿದನು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದನು. ಉಪ್ಪಿನಂತೆ ಸೀಸೆಯಲ್ಲಿ ಇಡಬಹುದಾದ ವಸ್ತುವು ಎಲೆಗೆ ತಗಲಿದೊಡನೆ ಸಂತಾನವೃದ್ಧಿ ಮಾಡಿತು! 1955ರಲ್ಲಿ ಫ್ರೆಂಕೆಲ್ ಕಾನ್ರಾಟ್ ಮತ್ತು ವಿಲಿಯಮ್ಸ್ ಅದರ ಪ್ರೋಟೀನನ್ನೂ ಆರ್‌ಎನ್‌ಎಯನ್ನೂ ಬೇರೆ ಮಾಡಿ ಮತ್ತೆ ಕೂಡಿಸಿದಾಗ ಸೋಂಕುಂಟುಮಾಡುವ ವೈರಾಣು ಮರಳಿ ದೊರೆಯಿತು.

ಮನುಷ್ಯನು ಜೀವವನ್ನು ಸೃಷ್ಟಿಸಿದನೇ? ಇಲ್ಲ. ಆ ವೈರಾಣು ಎಲೆಯ ಜೀವಕೋಶದೊಳಗೆ ಹೊಕ್ಕಲ್ಲದೆ ಏನನ್ನೂ ಮಾಡಲಾರದು, ಉಣ್ಣುವುದಿಲ್ಲ, ಉಸಿರಾಡುವುದಿಲ್ಲ. ಆದರೆ ಅದನ್ನು ಕೇವಲ ಕಲ್ಲೆನ್ನುವುದಕ್ಕೂ ಆಗದು. ಅದಕ್ಕೆ ಆನುವಂಶಿಕತೆಯಿದೆ, ಅದು ಪೀಳಿಗೆಯಿಂದ ಪೀಳಿಗೆಗೆ ಬದಲಾಗುತ್ತದೆ. ಅದು ಸಜೀವವೋ ಅಲ್ಲವೋ ಎಂಬುದರಲ್ಲಿ ಜೀವಶಾಸ್ತ್ರಜ್ಞರಲ್ಲಿಯೇ ಒಮ್ಮತವಿಲ್ಲ. ಗೆರೆ ಇದೆ, ಆದರೆ ಅದು ಬೇಲಿಯಂತಿಲ್ಲ, ಹೊಳೆಯ ದಂಡೆಯಂತಿದೆ.

ಕಲಿಯಬೇಕಾದುದು

ಇವೆಲ್ಲವನ್ನೂ ಕೂಡಿಸಿ ಹೀಗೆ ಹೇಳಬಹುದು. ಜೀವವು ಮೂಲವಸ್ತುಗಳಿಗೆ ಹೊರಗಿನಿಂದ ಬೆರೆಸಿದ ಇನ್ನೊಂದು ವಸ್ತುವಲ್ಲ. ಆ ವಸ್ತುಗಳ ಒಂದು ವಿಶಿಷ್ಟವಾದ ನಡೆಯುವ ವ್ಯವಸ್ಥೆ. ಅದು ಹೊರಗಿನಿಂದ ಶಕ್ತಿಯನ್ನು ಪಡೆದು, ಬಿಸಿಯನ್ನು ಹೊರಬಿಟ್ಟು, ತನ್ನನ್ನು ತಾನೇ ದುರಸ್ತಿ ಮಾಡಿಕೊಂಡು, ತನ್ನ ರಚನೆಯ ಸೂಚನೆಯನ್ನು ಮುಂದಕ್ಕೆ ದಾಟಿಸುತ್ತದೆ. ಬೆಂಕಿಗೆ ಈ ದುರಸ್ತಿಯೂ ಸೂಚನೆಯೂ ಇಲ್ಲ. ಒಣಬೀಜದಲ್ಲಿ ನಡೆ ಬಹುಮಟ್ಟಿಗೆ ತಂಗಿದೆ, ವ್ಯವಸ್ಥೆ ಉಳಿದಿದೆ. ವೈರಾಣುವಿನಲ್ಲಿ ಸೂಚನೆಯಿದೆ, ನಡೆ ಮಾತ್ರ ಎರವಲು.

ನಮ್ಮ ಭಾಷೆ ಇಲ್ಲಿ ನಮ್ಮನ್ನು ದಾರಿ ತಪ್ಪಿಸಬಹುದು. "ಜೀವ ಹೋಯಿತು", "ಪ್ರಾಣ ಹಾರಿತು" ಎನ್ನುವಾಗ ಜೀವವು ಗೂಡಿನ ಹಕ್ಕಿಯಂತೆ ತೋರುತ್ತದೆ. "ದೀಪ ಆರಿತು" ಎಂದಾಗ ಜ್ವಾಲೆ ಎಲ್ಲಿಗೆ ಹೋಯಿತೆಂದು ನಾವು ಕೇಳುವುದಿಲ್ಲ. ಆದಿಕಾಂಡ 2:7ರಲ್ಲಿಯೂ ಮನುಷ್ಯನು ನೆಫೆಷ್ ಹಯ್ಯಾ ಎಂಬುದನ್ನು ಪಡೆದನೆಂದಿಲ್ಲ, ಅದಾದನು ಎಂದಿದೆ. ಅದೇ ಪದವು ಮೊದಲ ಅಧ್ಯಾಯದಲ್ಲಿ ಮೀನು, ಮೃಗಗಳಿಗೂ ಬರುತ್ತದೆ, ಗಿಡಮರಗಳಿಗೆ ಬರುವುದಿಲ್ಲ. ಅಂದರೆ ವೇದದ ವಿಂಗಡಣೆ ಜೀವಶಾಸ್ತ್ರದ ವಿಂಗಡಣೆಯಲ್ಲ. ಥಾಮಸ್ ಅಕ್ವಿನಾಸನು ಅರಿಸ್ಟಾಟಲನನ್ನು ಅನುಸರಿಸಿ ಆತ್ಮವನ್ನು ದೇಹದ ರೂಪವೆಂದು ಕರೆದು, ಸಸ್ಯಕ್ಕೂ ಅದರದೇ ಆದ ಒಂದು ಆತ್ಮವನ್ನು ಒಪ್ಪಿದನು. ಮಾನವ ಆತ್ಮವು ದೇಹದ ಮರಣದ ನಂತರವೂ ಉಳಿಯುವುದೆಂದು ಅವನು ಬೋಧಿಸಿದನೆಂಬುದನ್ನೂ ಮರೆಯಬಾರದು. ಆ ನಿರೀಕ್ಷೆ ನಿಂತಿರುವುದು ದೇವರ ಮೇಲೆ, ಪ್ರಯೋಗಾಲಯದ ಅಜ್ಞಾನದ ಮೇಲಲ್ಲ.

1828ರಲ್ಲಿ ವೋಲರ್ ನಿರ್ಜೀವ ಲವಣದಿಂದ ಯೂರಿಯವನ್ನು ತಯಾರಿಸಿದಾಗ, ಜೀವಿಗಳ ವಸ್ತುಗಳಿಗೆ ಗೂಢವಾದ ಪ್ರಾಣಶಕ್ತಿ ಬೇಕೆಂಬ ವಾದ ಬಿರುಕುಬಿಡತೊಡಗಿತು. ಆ ಬಿರುಕಿನಲ್ಲಿ ದೇವರನ್ನು ಕೂರಿಸಿದವರು ಹಿಂದೆ ಸರಿಯಬೇಕಾಯಿತು. 104ನೆಯ ಕೀರ್ತನೆ ಆ ತಪ್ಪನ್ನು ಮಾಡುವುದಿಲ್ಲ. ಅದರಲ್ಲಿ ಬುಗ್ಗೆ, ಬೆಟ್ಟ, ಹುಲ್ಲು, ಸಿಂಹದ ಮರಿ ಎಲ್ಲವೂ ಕರ್ತನ ಕೈಯನ್ನೇ ನೋಡುತ್ತವೆ. ಉಸಿರು ಪ್ರತಿ ಗಳಿಗೆಯೂ ಪಡೆಯುವ ದಾನ. ಕಲ್ಲೂ ಎಲೆಯೂ ಸಮಾನವಾಗಿ ಸೃಷ್ಟಿಯೇ. ಜೀವಿಯಾದರೋ ಪಡೆಯುತ್ತಲೇ ಇರುವುದರಿಂದ ಮಾತ್ರ ಇರಬಲ್ಲದು.

ರೋಗಿಯ ಹಾಸಿಗೆಯ ಬಳಿ

ಇದು ತರಗತಿಯ ಚರ್ಚೆಯಷ್ಟೇ ಅಲ್ಲ. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಯುವಕನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ ಕುಟುಂಬವು ಸಭಾಪಾಲಕನನ್ನು ಕರೆಯುತ್ತದೆ. ವೆಂಟಿಲೇಟರಿನಿಂದ ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ನಾಡಿ ಮಿಡಿಯುತ್ತಿದೆ. ವೈದ್ಯರು ಮಿದುಳುಕಾಂಡದ ಮರಣವೆಂದು ಹೇಳುತ್ತಾರೆ. 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಇದನ್ನು ಮರಣವೆಂದು ಒಪ್ಪುತ್ತದೆ. ಆದರೆ ವೈದ್ಯರ ಮಂಡಳಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು. "ಅಯ್ಯನೋರೇ, ಉಸಿರಾಡ್ತಾ ಇದ್ದಾನಲ್ಲ, ಇನ್ನೂ ಜೀವ ಇದೆಯಲ್ಲ?" ಎಂದು ತಾಯಿ ಕೇಳಿದರೆ ಏನು ಹೇಳಬೇಕು?

ಜೀವವನ್ನು ವಸ್ತುವೆಂದು ಬೋಧಿಸಿದ್ದರೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಭಾಗಗಳ ಜೀವ ಇಡಿಯ ಜೀವವಲ್ಲ ಎಂದು ತಿಳಿದಿದ್ದರೆ, ಆಕೆ ಕಂಡದ್ದು ಸುಳ್ಳಲ್ಲವೆಂದು ಒಪ್ಪಿಕೊಂಡೇ ಮಾತನಾಡಬಹುದು. ಅವಯವಗಳಲ್ಲಿ ಜೀವವಿದೆ; ಅವುಗಳನ್ನು ಒಬ್ಬ ಮನುಷ್ಯನಾಗಿ ಹಿಡಿದಿದ್ದ ಐಕ್ಯ ಮುಗಿದಿದೆ. ಈ ಮಾನದಂಡದ ಬಗ್ಗೆ ಕ್ರೈಸ್ತ ಚಿಂತಕರಲ್ಲಿ ಭಿನ್ನಾಭಿಪ್ರಾಯಗಳಿವೆ. ಕುಟುಂಬದ ಮೇಲೆ ಅಂಗದಾನದ ಒತ್ತಡ ಹೇರುವುದು ಸಭಾಪಾಲಕನ ಕೆಲಸವಲ್ಲ. ಮನುಷ್ಯನನ್ನು ಸೊಪ್ಪಿಗೆ ಹೋಲಿಸುವ ಮಾತನ್ನು ಅಲ್ಲಿ ಆಡಲೂಬಾರದು. ಆದರೆ ಆ ಮಾತಿನ ಹಿಂದಿನ ವಿವೇಕ ನಮ್ಮಲ್ಲಿರಬೇಕು. ಉಸಿರನ್ನು ಕೊಟ್ಟವನು ಅದು ನಿಂತಾಗ ತನ್ನವರನ್ನು ಮರೆಯುವುದಿಲ್ಲ ಎಂಬ ಭರವಸೆಯನ್ನು ಆ ತಾಯಿಗೆ ತಲಪಿಸಬೇಕು. ಅದಕ್ಕಾಗಿ ಯಂತ್ರದ ಉಸಿರನ್ನು ಜೀವವೆಂದು ನಟಿಸುವ ಅಗತ್ಯ ಯಾರಿಗೂ ಇಲ್ಲ.